ಒಬ್ಬನೇ ಕುಡಿಯಬೇಕಾದ ಹಾಲು

ಖಜೂರಿಯಲ್ಲಿ ರಸ್ತೆ ಮಹಾರಾಷ್ಟ್ರದ ಕಡೆ ಹೊರಳುವುದಕ್ಕೆ ಮುಂಚೆ ಎಡಕ್ಕೆ ಒಂದು ತಗಡಿನ ಮನೆ ಇದೆ. ಅದರ ಮುಂದೆ ಹಾದು ಹೋದವರ ಬಟ್ಟೆಗೆ ಹತ್ತಿ ಅಂಟದೆ ಇರುವುದಿಲ್ಲ. ಅದು ಲಾಡ್ಲೆಸಾಬ ನದಾಫನ ಮನೆ. ಗಾದಿ ಮಾಡುವುದು ಅವನ ಕಸುಬು. ಮದುವೆಯ ಗಾದಿ, ಬಾಣಂತಿಯ ಗಾದಿ, ಲಾರಿ ಡ್ರೈವರುಗಳು ಸೀಟಿನ ಮೇಲೆ ಹಾಕಿಕೊಳ್ಳುವ ಸಣ್ಣ ಗಾದಿ.

ಲಾಡ್ಲೆಸಾಬನಿಗೆ ಮಾತು ಕಡಿಮೆ. ಹತ್ತಿ ಬಡಿಯುವಾಗ ಬಾಯಿ ತೆರೆದರೆ ಹತ್ತಿ ಒಳಗೆ ಹೋಗುತ್ತದೆ, ಅದಕ್ಕೇ ಈ ಮನುಷ್ಯ ಬಾಯಿ ಮುಚ್ಚಿಕೊಂಡು ಬೆಳೆದ ಎಂದು ಹೆಂಡತಿ ಮದೀನಾಬಿ ಹೇಳುತ್ತಾಳೆ. ಆದರೆ ಒಂದು ಮಾತು ಅವನು ತಪ್ಪಿಸಿದವನಲ್ಲ. ತಿನ್ನುವ ವಸ್ತು ಕೈಗೆ ಬಂತೆಂದರೆ ಎದುರಿಗೆ ಯಾರೇ ಇರಲಿ, "ಬರ್ರಿ, ಉಣ್ರಿ" ಅನ್ನುತ್ತಾನೆ. ಎದುರಿನವರು "ನೀವು ಬಿಸ್ಮಿಲ್ಲಾ ಮಾಡ್ರಿ" ಅನ್ನಬೇಕು. ಅಂದರೆ ನಿಮ್ಮದು ಶುರುವಾಗಲಿ, ನನ್ನದು ಆಗಿದೆ ಎಂದರ್ಥ. ಅಲ್ಲಿ ಬೌದ್ಧರ ಓಣಿಯವರೂ ಹಾಗೇ ಅನ್ನುತ್ತಾರೆ, ಲಿಂಗಾಯತರೂ ಹಾಗೇ ಅನ್ನುತ್ತಾರೆ. ಈ ಎರಡು ಮಾತು ಮುಗಿಯದೆ ಲಾಡ್ಲೆಸಾಬನ ಕೈ ಬಾಯಿಯ ಕಡೆ ಏಳುವುದಿಲ್ಲ. ಹುಟ್ಟಿದಾಗಿನಿಂದ ಒಂದು ಶೇಂಗಾ ಕಾಳನ್ನೂ ಅವನು ಯಾರನ್ನೂ ಕರೆಯದೆ ತಿಂದಿಲ್ಲ.

ಇಂಥವನ ಮೊಣಕಾಲು ಮಡಚದಂತಾಯಿತು. ಮೊದಲು ಬಲಗಾಲು, ಆಮೇಲೆ ಎಡಗಾಲು. ಗಾದಿಯ ಮೇಲೆ ಕೂತು ದಬ್ಬಣ ಹಾಕುವ ಕೆಲಸ ಮದೀನಾಬಿಗೆ ಬಂತು. ಅವನು ಕುರ್ಚಿಯ ಮೇಲೆ ಕೂತು ಹತ್ತಿ ಬಿಡಿಸಿ ಕೊಡುತ್ತಿದ್ದ. ಅದನ್ನು ಅವನು ಸಹಿಸಿದ. ಸಹಿಸಲಾಗದ್ದು ಊಟ. ಅವನ ಮನೆಯಲ್ಲಿ ನೆಲಕ್ಕೆ ಊಟದ ಬಟ್ಟೆ, ದಸ್ತರಖಾನ, ಹಾಸಿ, ಒಂದೇ ದೊಡ್ಡ ತಾಟಿನ ಸುತ್ತ ನಾಲ್ಕು ಜನ ಕೂತು ಉಣ್ಣುತ್ತಾರೆ. ಹೋದ ರಂಜಾನ್ ಹಬ್ಬಕ್ಕೆ ಎಲ್ಲರೂ ಕೆಳಗೆ ಕೂತರು. ಲಾಡ್ಲೆಸಾಬ ಮೇಲೆ ಕುರ್ಚಿಯಲ್ಲಿ, ತೊಡೆಯ ಮೇಲೆ ಬೇರೆ ತಾಟು ಇಟ್ಟುಕೊಂಡು ಕೂತ. "ತಹಸೀಲ್ದಾರ ಸಾಹೇಬ್ರು ಕುಂತಾರ ನೋಡ್ರಿ" ಎಂದು ಯಾರೋ ನಕ್ಕರು. ಅವನೂ ನಕ್ಕ. ಆದರೆ ಅವತ್ತು ಅವನ ತಾಟಿನಲ್ಲಿ ಅರ್ಧ ಹಾಗೇ ಉಳಿಯಿತು.

ಈಗ ಮೊಮ್ಮಗಳು ಗುಲನಾಜಳ ಮದುವೆ ಗೊತ್ತಾಗಿತ್ತು. ಗಂಡು ಅಫಜಲಪುರ ಕಡೆಯ ಕರಜಗಿಯವನು. ನಿಕಾಹಿನ ಹಿಂದಿನ ದಿನ ಎರಡೂ ಮನೆಯವರು ಕೂಡಿ ಉಣ್ಣುವಾಗ, ಮನೆಯ ಹಿರಿಯ ಮದುಮಗಳ ಜತೆ ಒಂದೇ ತಾಟಿಗೆ ಕೂತು ಮೊದಲ ತುತ್ತನ್ನು ಅವಳ ಬಾಯಿಗೆ ಇಡಬೇಕು. ಇವನ ಅಪ್ಪ ಇಟ್ಟಿದ್ದ, ಅಪ್ಪನ ಅಪ್ಪ ಇಟ್ಟಿದ್ದ.

"ಮುತ್ಯಾ, ನೀ ಕುರ್ಚಿ ಮ್ಯಾಲ ಕುಂತು ಮ್ಯಾಲಿಂದ ತುತ್ತು ಒಗೀತೀ ಏನು, ಕಾಗಿಗೆ ಒಗದಂಗ?" ಎಂದು ಗುಲನಾಜ ಕೇಳಿದಳು. ಅವಳು ಚಾಷ್ಟಿಗೆ, ನಗಿಸಲೆಂದು ಕೇಳಿದ್ದು. ಅವನಿಗೆ ಆ ಮಾತು ಎದೆಯಲ್ಲಿ ದಬ್ಬಣದ ಹಾಗೆ ನಿಂತುಬಿಟ್ಟಿತು.

ಅದೇ ವೇಳೆಗೆ ಆಳಂದದಲ್ಲಿ ಹೊಸದೊಂದು ಪುಡಿ ಕೊಟ್ಟು ನೋಡಲು ಕಾಲೇಜಿನವರು ಮೊಣಕಾಲು ನೋವಿನವರನ್ನು ಕೂಡಿಸಿದ್ದಾರೆ ಎಂಬ ಸುದ್ದಿ ಬಂತು. ಓಣಿಯ ಗೆಳೆಯ ಧರ್ಮಣ್ಣ ಅವನನ್ನು ತನ್ನ ಮೋಟಾರು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಹೋದ. ಮೊಣಕಾಲು ಮಡಚದ್ದರಿಂದ ಲಾಡ್ಲೆಸಾಬನ ಎರಡೂ ಕಾಲು ದಾರಿಯುದ್ದಕ್ಕೂ ಎತ್ತಿನ ಕೊಂಬಿನ ಹಾಗೆ ಎರಡು ಕಡೆ ಚಾಚಿಕೊಂಡಿದ್ದವು. ಎದುರು ಬಂದ ಬಸ್ಸು ದಾರಿ ಬಿಟ್ಟಿತು.

ಅಲ್ಲಿದ್ದವಳು ರಾಧಿಕಾ. ಜೇವರ್ಗಿ ಕಡೆಯ ಅಂದೋಲಾದ ಹುಡುಗಿ. ಕಾಲೇಜಿನಲ್ಲಿ ಆಹಾರದ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು.

"ಕಾಕಾ, ಅರಿಶಿಣ ಒಳ್ಳೇದು ಅಂತ ಎಲ್ಲಾರೂ ಅಂತಾರ" ಎಂದು ಅವಳು ಶುರು ಮಾಡಿದಳು. "ಖರೇ, ನಮ್ಮ ಮೈ ಅದನ್ನ ಒಳಗ ಬಿಟ್ಕೊಳ್ಳಂಗಿಲ್ಲ. ಹೊಟ್ಟಿಗೆ ಬಂದದ್ದು ಬಂದಂಗೇ ಹೊಂಟು ಹೋಗ್ತದ. ಅದಕ್ಕ ನಾವು ತೊಗರಿ ಬ್ಯಾಳಿ ಸತ್ವ ತಗದು, ಅದರಾಗ ಅರಿಶಿಣದ ಸಾರ ಸುತ್ತಿ ಸಣ್ಣ ಸಣ್ಣ ಉಂಡಿ ಮಾಡೀವಿ. ನ್ಯಾನೋ ಅಂತಾರ್ರಿ. ಕಣ್ಣಿಗೆ ಕಾಣಂಗಿಲ್ಲ. ಅದರ ಮುಂದ ತಲಿಕೂದಲು ತೊಲಿ ಇದ್ದಂಗ."

"ಹೊಟ್ಟಿ ಒಳಗ ಬಿಡ್ತದೇನ್ರಿ?" ಎಂದು ಧರ್ಮಣ್ಣ ಕೇಳಿದ.

"ಹೊಟ್ಟಿಗೆ ಬ್ಯಾಳಿ ಗುರ್ತು ಅದಲ್ರಿ. ಬಾ ಅಂತದ. ಒಳಗ ಅರಿಶಿಣ ಕುಂತಿರ್ತದ."

"ಓಹೋ! ಕರೀದ ಮಂದಿ ಬೀಗರ ಗುಂಪಿನಾಗ ಸೇರಿ ಮದುವಿ ಊಟಕ್ಕ ನುಗ್ಗಿದಂಗ!"

"ಹಂಗೇ ಅನ್ರಿ" ಎಂದು ರಾಧಿಕಾ ನಕ್ಕಳು.

ಆಮೇಲೆ ಅವಳು ಗಂಭೀರವಾಗಿ ಹೇಳಿದಳು. ಪುಡಿಕೆಯಲ್ಲಿ ಎರಡು ನಮೂನೆ ಇವೆ. ಕೆಲವರಿಗೆ ಸುತ್ತಿದ ಅರಿಶಿಣ, ಕೆಲವರಿಗೆ ಬೇಳೆಯ ಹಿಟ್ಟಿನಲ್ಲಿ ಬೆರೆಸಿದ ಸಾದಾ ಅರಿಶಿಣ. ಯಾರದು ಯಾವುದು ಎಂದು ಅವಳಿಗೂ ಗೊತ್ತಿಲ್ಲ, ಕಡೆಗೇ ಗೊತ್ತಾಗುವುದು. ದಿನಾ ಬೆಳಿಗ್ಗೆ ಒಂದು ಪುಡಿಕೆಯನ್ನು ಬಿಸಿ ಹಾಲಿನಲ್ಲಿ ಕಲಸಿ ಲೋಟ ಪೂರ್ತಿ ಕುಡಿಯಬೇಕು. ನಡುನಡುವೆ ರಕ್ತ ತೆಗೆಯುತ್ತಾರೆ. ನೋವು ಕಡಿಮೆಯಾಗುತ್ತದೋ ಇಲ್ಲವೋ ಎಂದು ನೋಡುವುದಕ್ಕೇ ಈ ಕೆಲಸ, ಆಗೇ ಆಗುತ್ತದೆ ಎಂದು ಅವಳು ಮಾತು ಕೊಡುವುದಿಲ್ಲ.

"ಒಂದೇ ಮಾತು ಕಾಕಾ. ನೀವೊಬ್ಬರೇ ಕುಡೀಬೇಕು."

"ಆತವ್ವಾ" ಎಂದ ಲಾಡ್ಲೆಸಾಬ. ಇದರಲ್ಲಿ ಕಷ್ಟ ಏನಿದೆ ಎಂದು ಅವತ್ತು ಯಾರಿಗೂ ಅನಿಸಲಿಲ್ಲ.

ಮರುದಿನ ಬೆಳಿಗ್ಗೆ ಮದೀನಾಬಿ ಹಾಲು ಕಾಸಿ ಪುಡಿ ಕಲಸಿ ತಂದುಕೊಟ್ಟಳು. ಹಾಲು ಚೆಂಡುಹೂವಿನ ಬಣ್ಣಕ್ಕೆ ತಿರುಗಿತ್ತು. ಕಟ್ಟೆಯ ಮೇಲೆ ಧರ್ಮಣ್ಣ ಕೂತಿದ್ದ. ಲಾಡ್ಲೆಸಾಬ ಲೋಟ ಹಿಡಿದ. ಬಾಯಿ ತಾನಾಗಿ ತೆರೆಯಿತು.

"ಬಾ, ಕುಡಿ."

ಧರ್ಮಣ್ಣ ಬಿಸ್ಮಿಲ್ಲಾ ಮಾಡು ಅನ್ನಬೇಕಿತ್ತು. ಅರವತ್ತು ವರ್ಷ ಹಾಗೇ ಅಂದಿದ್ದ. ಆದರೆ ಅವನಿಗೂ ನ್ಯಾನೋ ರುಚಿ ನೋಡುವ ಆಸೆ. "ಒಂದ್ ಗುಟುಕು ನೋಡೂಣು ತಗೊಂಬಾ" ಎಂದು ಲೋಟಕ್ಕೆ ಕೈ ಹಾಕಿದ.

ಮದೀನಾಬಿ ಒಳಗಿನಿಂದ ಓಡಿ ಬಂದಳು. "ಏನ್ರಿ, ಔಷಧಕ್ಕ ಯಾರರೆ ಬರ್ರಿ ಅಂತ ಕರೀತಾರೇನ್ರಿ?"

"ಗುಳಿಗಿ ಆಗಿದ್ರ ಕರೀತಿರಲಿಲ್ಲ" ಎಂದ ಲಾಡ್ಲೆಸಾಬ. "ಹಾಲು, ಬ್ಯಾಳಿ, ಅರಿಶಿಣ. ಇದು ಊಟದ ಸಾಮಾನ."

ಮದೀನಾಬಿ ಒಳಗೆ ಹೋಗಿ ಧರ್ಮಣ್ಣನಿಗೂ ಒಂದು ಲೋಟ ತಂದಳು.

ಎರಡನೇ ದಿನ ಅವನು ಲೋಟ ಹಿಡಿದು ಮನೆಯ ಹಿಂದೆ ಹೋದ. ಅಲ್ಲಿ ಭಗವಂತ ಎಂಬ ಲಾರಿ ಡ್ರೈವರ್ ನಳದಲ್ಲಿ ಮುಖ ತೊಳೆಯುತ್ತಿದ್ದ. ಸೀಟಿನ ಗಾದಿ ಒಯ್ಯಲು ಬಂದವನು. ಕರೆಯದೆ ಕುಡಿಯುವುದು ಹೇಗೆ? ಕರೆದ. ಭಗವಂತ ದೂರದಿಂದ ಗಾಡಿ ಹೊಡೆದು ಬಂದವನು, ಹಸಿದಿದ್ದ. ಅರ್ಧ ಲೋಟ ಇಳಿಸಿ, "ಬಾದಾಮಿ ಹಾಲಾ ಕಾಕಾ?" ಅಂದ.

ಮೂರನೇ ದಿನ ಲಾಡ್ಲೆಸಾಬ ಹತ್ತಿಯ ಖೋಲಿಗೆ ಹೋಗಿ ಒಳಗಿನಿಂದ ಕದ ಹಾಕಿಕೊಂಡ. ಕತ್ತಲೆಯಲ್ಲಿ, ಹತ್ತಿಯ ನಡುವೆ, ಲೋಟ ಹಿಡಿದು ನಿಂತ. ಯಾರದ್ದೋ ಮನೆಗೆ ಕನ್ನ ಹಾಕಿದ ಹಾಗಾಯಿತು. ಲೋಟ ಇನ್ನೇನು ತುಟಿಗೆ ತಗಲಬೇಕು, ಕಿಟಕಿಯಲ್ಲಿ ಎರಡು ಕಣ್ಣು ಕಂಡವು. ಮನೆಯ ಆಡು, ಬೇಗಂ. ಮರಿಯಾಗಿದ್ದಾಗ ಸೈಕಲ್ಲಿಗೆ ಸಿಕ್ಕು ಮುಂಗಾಲು ಕುಂಟಾಗಿ, ಮೂರು ಕಾಲಿನ ಮೇಲೆ ಓಡಾಡುತ್ತಿದ್ದ ಆಡು.

ಲಾಡ್ಲೆಸಾಬ ಅದರ ಮುಖ ನೋಡಿದ. ಅದು ಇವನ ಮುಖ ನೋಡಿತು.

"ಬಾ, ಕುಡಿ" ಅಂದ.

ಆಡಿಗೆ ಬಿಸ್ಮಿಲ್ಲಾ ಮಾಡ್ರಿ ಅನ್ನಲು ಬರುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಸಂಗತಿ ಮನೆಯೊಳಗೇ ಇರುತ್ತಿತ್ತು. ಆದರೆ ಮುಂದಿನ ವಾರ ಬೇಗಂ ನಾಲ್ಕನೇ ಕಾಲನ್ನು ನೆಲಕ್ಕೆ ಊರಿತು. ಆಮೇಲೆ ಓಡಿತು. ಆಮೇಲೆ ಧರ್ಮಣ್ಣನ ಮನೆಯ ಮಾಳಿಗೆ ಏರಿ ಅಲ್ಲಿ ಒಣಗಲು ಹಾಕಿದ್ದ ಮೆಣಸಿನಕಾಯಿಯ ನಡುವೆ ನಿಂತು ಊರನ್ನೆಲ್ಲ ನೋಡಿತು. ಅದನ್ನು ಇಳಿಸಲು ಹೋದ ಧರ್ಮಣ್ಣನಿಗೆ ಎಂಟು ದಿನದ ನೆಗಡಿ ಹೋಗಿರುವುದು ಅಲ್ಲೇ, ಮಾಳಿಗೆಯ ಮೇಲೇ ನೆನಪಾಯಿತು. ಅಷ್ಟರಲ್ಲಿ ಭಗವಂತನ ಫೋನು ಬಂತು. ಅವನ ಲಾರಿಗೆ ರಿವರ್ಸ್ ಗೇರು ಬೀಳುತ್ತಿರಲಿಲ್ಲವಂತೆ. ಹಾಲು ಕುಡಿದ ದಿನದಿಂದ ಬೆಣ್ಣೆಯ ಹಾಗೆ ಬೀಳುತ್ತಿದೆಯಂತೆ.

"ಲಾರಿ ಹಾಲು ಕುಡದಿಲ್ಲಲ್ಲೋ" ಎಂದಳು ಮದೀನಾಬಿ.

"ಗೇರು ಹಿಡಿಯೋ ಕೈ ಕುಡದದಲ್ಲಾ ಚಾಚೀ!"

ಬೆಳಗಾದರೆ ಮನೆಯ ಮುಂದೆ ಲಾರಿಗಳು ನಿಲ್ಲತೊಡಗಿದವು. ಲಾಡ್ಲೆಸಾಬ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಂದವರಿಗೆಲ್ಲ "ಬರ್ರಿ" ಅನ್ನುತ್ತಿದ್ದ. ಬಿಸ್ಮಿಲ್ಲಾ ಮಾಡ್ರಿ ಅನ್ನುವ ಮಾತನ್ನೇ ಖಜೂರಿ ಮರೆಯಿತು. ಗುಟುಕು ಚಮಚ ಆಯಿತು, ಚಮಚ ಹನಿ ಆಯಿತು. ಮದೀನಾಬಿ ಒಂದು ಪುಡಿಕೆಯನ್ನು ಪಾತೇಲಿಯ ತುಂಬ ಹಾಲಿಗೆ ಹಾಕತೊಡಗಿದಳು. ಬಣ್ಣ ಮೊದಲು ಚೆಂಡುಹೂವಿನದು ಇದ್ದದ್ದು ಆಮೇಲೆ ನಿಂಬೆಯದಾಯಿತು, ಆಮೇಲೆ ಬರೀ ಹಾಲಿನದೇ ಆಯಿತು.

ಲಾಡ್ಲೆಸಾಬನಿಗೆ ಒಳಗೆ ಅಂಜಿಕೆ ಇತ್ತು. ಒಂದು ದಿನ ಧರ್ಮಣ್ಣನಿಗೆ ಹೇಳಿಯೇಬಿಟ್ಟ. "ಒಬ್ಬರೇ ಕುಡೀರಿ ಅಂದಿದ್ಲು."

"ಲೇ ಲಾಡ್ಲ್ಯಾ, ತಿಳ್ಕೋ" ಎಂದ ಧರ್ಮಣ್ಣ. "ಸಣ್ಣ ಇದ್ದಷ್ಟೂ ಜೋರು ಅಂತ ಆ ಹುಡುಗೀನೇ ಹೇಳ್ಯಾಳ ಹೌದಿಲ್ಲೋ? ಹಂಚಿದಷ್ಟೂ ಸಣ್ಣ ಆಗ್ತದ. ಅವರು ಮಷೀನಿನಾಗ ಸಣ್ಣ ಮಾಡ್ಯಾರ. ನಾವು ಮಂದಿಯಿಂದ ಮಾಡಾಕತ್ತೀವಿ. ಅವರಿಗಿಂತ ನಮ್ಮ ನ್ಯಾನೋನೇ ಹೆಚ್ಚಲೇ!"

ಲಾಡ್ಲೆಸಾಬ ಬಹಳ ಹೊತ್ತು ಯೋಚನೆ ಮಾಡಿದ. ಹತ್ತಿಯನ್ನೂ ಬಿಡಿಸಿದಷ್ಟೂ ಒಳ್ಳೆಯದು. ಮಾತು ಸರಿ ಇದ್ದಂತೆ ಕಂಡಿತು. ಅವನ ಮೊಣಕಾಲು ಮಾತ್ರ ಮೊದಲಿದ್ದ ಹಾಗೇ ಇತ್ತು. ದಿನಾ ಬೆಳಿಗ್ಗೆ ಎದ್ದು ಗೋಡೆ ಹಿಡಿದು ಕೂರಲು ನೋಡುತ್ತಿದ್ದ. ಕುಂಡಿ ಕುರ್ಚಿಯ ಎತ್ತರಕ್ಕೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ಆದರೂ ಅವನಿಗೆ ಚಿಂತೆ ಆಗಲಿಲ್ಲ. ಬಂದವರೆಲ್ಲ ಉಂಡ ಮೇಲೆ ಮನೆಯವರ ಪಾಳಿ. ಹಾಗೆಯೇ ಆಡಿನ ಕಾಲು, ಧರ್ಮಣ್ಣನ ಮೂಗು, ಲಾರಿಯ ಗೇರು ಮುಗಿದ ಮೇಲೆ ತನ್ನ ಮೊಣಕಾಲಿನ ಪಾಳಿ ಬರುತ್ತದೆ ಎಂದು ತಿಳಿದಿದ್ದ.

ರಾಧಿಕಾ ಹೇಳದೆ ಕೇಳದೆ ಬಂದದ್ದು ಅಂಥ ಒಂದು ಬೆಳಿಗ್ಗೆ. ಹೊಸ ಪುಡಿಕೆ ಕೊಟ್ಟು ಹೋಗಲು ಬಂದವಳು ರಸ್ತೆಯಲ್ಲೇ ನಿಂತಳು. ಸಾಲಾಗಿ ಲಾರಿಗಳು. ಡ್ರೈವರುಗಳು ಬಾಯಿ ತೆರೆದು ನಿಂತಿದ್ದಾರೆ, ಮದೀನಾಬಿ ಪೋಲಿಯೋ ಹನಿ ಹಾಕುವ ಹಾಗೆ ಚಮಚದಿಂದ ಹನಿ ಹಾಕುತ್ತಿದ್ದಾಳೆ. ಪಾತೇಲಿ ತೊಳೆದ ನೀರನ್ನು ಬೇಗಂ ಕುಡಿಯುತ್ತಿದೆ.

"ಕಾಕಾ, ಇದೇನ್ರಿ?"

"ಕುಡೀತೀನವ್ವಾ. ದಿನಾ ಕುಡೀತೀನಿ" ಎಂದ ಲಾಡ್ಲೆಸಾಬ. ಆಮೇಲೆ ಸುಳ್ಳಾಗಬಾರದೆಂದು, "ಒಬ್ಬಾವ ಅಲ್ಲ" ಅಂದ.

ಧರ್ಮಣ್ಣ ಮುಂದೆ ಬಂದು ತನ್ನ ಲೆಕ್ಕಾಚಾರವನ್ನೆಲ್ಲ ಬಿಡಿಸಿ ಹೇಳಿದ. ಸಣ್ಣ ಆದಷ್ಟೂ ಜೋರು, ಹಂಚಿದಷ್ಟೂ ಸಣ್ಣ. ರಾಧಿಕಾ ಹಣೆ ಹಿಡಿದುಕೊಂಡು ಗಾದಿಯ ಗಂಟಿನ ಮೇಲೆ ಕೂತಳು.

"ಕಾಕಾ, ನೀವು ಹತ್ತಿ ಬಿಡಿಸಿ ಹಗುರ ಮಾಡ್ತೀರಿ. ಗಾದಿ ಮೆತ್ತಗಾಗ್ತದ. ನಾವು ಅರಿಶಿಣಕ್ಕ ಮಾಡಿದ್ದೂ ಅದೇ. ಅದೇ ಒಂದು ಗಾದಿ ಹತ್ತಿ ತಗೊಂಡು ಹತ್ತು ಗಾದಿಗೆ ತುಂಬಿದ್ರ?"

ಲಾಡ್ಲೆಸಾಬ ಪಕ್ಕದ ಗಾದಿಯನ್ನು ಒತ್ತಿ ನೋಡಿದ. ಆಮೇಲೆ ಮೆಲ್ಲಗೆ, "ಎಲ್ಲಾರ ಬೆನ್ನಿಗೂ ನೆಲ ಹತ್ತತದ" ಅಂದ.

"ಹೌದ್ರಿ. ಹಂಗೇ ಆಗ್ಯದ."

ಡ್ರೈವರುಗಳು ಒಬ್ಬೊಬ್ಬರೇ ಬಾಯಿ ಮುಚ್ಚಿಕೊಂಡರು.

"ಇನ್ನ ಮ್ಯಾಲ ಒಬ್ಬಾವನೇ ಕುಡೀತೀನಿ" ಎಂದ ಲಾಡ್ಲೆಸಾಬ. "ಆಡನ್ನೂ ಕರಿಯಂಗಿಲ್ಲ."

"ಆಗಂಗಿಲ್ಲ ಕಾಕಾ. ಲೆಕ್ಕ ಕೆಟ್ಟದ. ನಿಮ್ಮನ್ನ ಇದರಾಗಿಂದ ಬಿಡಬೇಕಾಗ್ತದ."

"ಗುಲನಾಜನ ಮದುವಿ ಅದ" ಅಂದ. ಅಷ್ಟೇ ಅಂದ. ಉಳಿದದ್ದನ್ನು ಮದೀನಾಬಿ ಹೇಳಿದಳು. ಕುರ್ಚಿ, ತಾಟು, ತಹಸೀಲ್ದಾರ, ಮೊದಲ ತುತ್ತು. ರಾಧಿಕಾ ಕೇಳಿದಳು. ಅವಳ ಸಿಟ್ಟು ಇಳಿಯಿತು, ಆದರೆ ಮಾತು ಬದಲಾಗಲಿಲ್ಲ. "ನೀವು ಪೂರ್ತಿ ಕುಡದಿದ್ರೂ ಆಗ್ತಿತ್ತೋ ಇಲ್ಲೋ, ನನಗ ಗೊತ್ತಿಲ್ಲ ಕಾಕಾ. ಖರೇನ ಗೊತ್ತಿಲ್ಲ" ಅಂದಳು. ಉಳಿದ ಪುಡಿಕೆಗಳನ್ನು ಚೀಲಕ್ಕೆ ಹಾಕಿಕೊಂಡಳು.

ಮದೀನಾಬಿ ಚಾ ತಂದಳು. "ಬಾರವ್ವಾ, ಕುಡಿ" ಎಂದು ಲಾಡ್ಲೆಸಾಬ ಕರೆದ.

"ನೀವು ಬಿಸ್ಮಿಲ್ಲಾ ಮಾಡ್ರಿ ಕಾಕಾ" ಎಂದು ಹೇಳಿ ರಾಧಿಕಾ ಬಸ್ಸಿಗೆ ಹೋದಳು. ಎಷ್ಟೋ ದಿನದ ಮೇಲೆ ಅವನ ಮನೆಯಲ್ಲಿ ಆ ಮಾತು ಕೇಳಿಸಿತ್ತು. ಅವನ ಚಾ ಹಾಗೇ ಆರಿತು.

ಮದುವೆ ಹತ್ತಿರ ಬಂತು. ಮನೆಯ ಮುಂದೆ ಪೆಂಡಾಲು ಎದ್ದಿತು. ಕರಜಗಿಯ ಬೀಗರಿಗೆ ಮಲಗಲು, ಗುಲನಾಜ ಒಯ್ಯಲು ಎಂದು ಮಾಡಿದ ಗಾದಿಗಳನ್ನೆಲ್ಲ ಪೆಂಡಾಲಿನಲ್ಲಿ ಒಟ್ಟಿದ್ದರು. ಬೀಗರು ಬರುವ ದಿನ ಮಧ್ಯಾಹ್ನ ದಸ್ತರಖಾನ ಹಾಸುವ ಹೊತ್ತಿಗೆ ಲಾಡ್ಲೆಸಾಬ ತನ್ನ ಕುರ್ಚಿಯನ್ನು ತಾನೇ ಎತ್ತಿಕೊಂಡು ಹೋಗಿ ಮೂಲೆಯಲ್ಲಿ ಹಾಕಿ ಕೂತ.

"ಮುತ್ಯಾ ತುತ್ತು ಇಡದಿದ್ರ ನಾ ಉಣ್ಣಂಗಿಲ್ಲ" ಎಂದಳು ಗುಲನಾಜ. ಈ ಸಲ ಚಾಷ್ಟಿ ಇರಲಿಲ್ಲ.

"ತಾಟು ನಾಲ್ಕು ಮಂದಿ ಎತ್ತಿ ಹಿಡೀಲಿ" ಎಂದ ಭಗವಂತ. ಅವನು ಲಾರಿ ತುಂಬ ಅಡುಗೆ ಪಾತ್ರೆ ತಂದಿದ್ದ.

"ಹಿಡದವರು ಯಾವಾಗ ಉಣ್ಣೋದು?" ಎಂದಳು ಮದೀನಾಬಿ.

ಧರ್ಮಣ್ಣ ಪಿಕಾಸಿ ಹಿಡಿದು ಬಂದ. "ಇಲ್ಲಿ ಒಂದು ಕುಣಿ ತೋಡ್ತೀನಿ. ಲಾಡ್ಲ್ಯಾ ಅದರಾಗ ಕಾಲು ಇಳಿಬಿಟ್ಟು ನೆಲಕ್ಕ ಕುಂದ್ರಲಿ. ಮಡಚೂ ಕೆಲಸನ ಇಲ್ಲ."

"ಅಲೇ ಧರ್ಮ್ಯಾ! ಮದುವಿ ಮನ್ಯಾಗ ಕುಣಿ ತೋಡಿ ಮನಿ ಯಜಮಾನನ ಇಳಸ್ತೀ ಏನಲೇ?" ಎಂದು ಮದೀನಾಬಿ ಪಿಕಾಸಿ ಕಸಿದುಕೊಂಡಳು.

ಈ ಜಗಳದಲ್ಲಿ ಯಾರೋ ಬೇಗಂಳ ಹಗ್ಗ ಬಿಟ್ಟಿದ್ದರು. ಬಿರಿಯಾನಿ ಬೇಯುತ್ತಿದ್ದ ಡೇಗಿನ ಹತ್ತಿರ ಹೋದ ಅದನ್ನು ಅಡುಗೆಯವನು ಓಡಿಸಿದ. ಅದು ಜಿಗಿದು ಗಾದಿಯ ಒಟ್ಟಿಲು ಹತ್ತಿತು. ಒಟ್ಟಿಲು ಲಾಡ್ಲೆಸಾಬನ ಕುರ್ಚಿಯ ಪಕ್ಕದಲ್ಲೇ ಇತ್ತು. ಆಡು ಮೆತ್ತಗೆ ನಾಲ್ಕೂ ಕಾಲು ಮಡಚಿ ಕೂತಿತು, ಯಾವ ನೋವೂ ಇಲ್ಲದೆ, ಮೆಲುಕು ಹಾಕುತ್ತ. ಅದರ ಹೊಟ್ಟೆ ಲಾಡ್ಲೆಸಾಬನ ಮೊಣಕೈಗೆ ತಾಗುವಷ್ಟು ಎತ್ತರದಲ್ಲಿತ್ತು.

ಲಾಡ್ಲೆಸಾಬ ಆಡನ್ನು ನೋಡಿದ. ಮಡಚಿದ ಅದರ ಕಾಲು ನೋಡಿದ. ಅದರ ಕೆಳಗಿದ್ದದ್ದನ್ನು ನೋಡಿದ.

"ಗಾದಿ" ಅಂದ.

"ಏನ್ರಿ?"

"ನಾ ಕೆಳಗ ಬರಾಕ ಆಗಂಗಿಲ್ಲ. ನೀವೆಲ್ಲಾ ಮ್ಯಾಲ ಬರ್ರಿ."

ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ಕೇಳಿದವರು ಕಡಿಮೆ. ಕೆಲಸ ಶುರುವಾಯಿತು. ಗಾದಿಯ ಪಕ್ಕ ಗಾದಿ, ಗಾದಿಯ ಮೇಲೆ ಗಾದಿ. ಪೆಂಡಾಲಿನ ಉದ್ದಕ್ಕೂ ಹತ್ತಿಯ ಒಂದು ಅಟ್ಟ ಎದ್ದಿತು. ಭಗವಂತ ಲಾರಿಯನ್ನು ಹಿಂದಕ್ಕೆ ತಂದು ಸೀಟಿನ ಗಾದಿಗಳನ್ನೂ ಇಳಿಸಿದ. ರಿವರ್ಸ್ ಗೇರು ಬೆಣ್ಣೆಯ ಹಾಗೇ ಬಿತ್ತು. ಮೇಲೆ ದಸ್ತರಖಾನ ಹಾಸಿದರು. ಹತ್ತಲು ಸ್ಟೂಲು ಇಟ್ಟರು.

ಕರಜಗಿಯ ಬೀಗರು ಬಂದು ನೋಡಿ ನಿಂತರು. ಗಂಡಿನ ದೊಡ್ಡಪ್ಪ ಟೋಪಿ ಸರಿಮಾಡಿಕೊಂಡು ಕೇಳಿದ, "ಇದು ಖಜೂರಿ ಕಡಿ ಪದ್ಧತಿ ಏನ್ರಿ ಬೀಗರ?"

"ಭಾಳ ಹಳೀದ್ರಿ" ಎಂದಳು ಮದೀನಾಬಿ.

ಅವರು ಚಪ್ಪಲಿ ಬಿಟ್ಟು ಹತ್ತಿದರು. ಕೂತವರೆಲ್ಲ ಹತ್ತಿಯಲ್ಲಿ ಸೊಂಟದವರೆಗೆ ಇಳಿದರು. ಒಬ್ಬ ಉಪ್ಪಿನಕಾಯಿಗೆ ಬಾಗಿದರೆ ಪಕ್ಕದ ಮೂವರು ಏಳುತ್ತಿದ್ದರು. ಗುಲನಾಜಳ ತಾಟನ್ನು ಅಂಚಿಗೆ ಇಟ್ಟರು. ಅಂಚಿಗೆ ತಾಗಿಸಿ ಲಾಡ್ಲೆಸಾಬನ ಕುರ್ಚಿ. ಅವನ ಕೈ, ತಾಟು, ಮೊಮ್ಮಗಳ ಬಾಯಿ ಎಲ್ಲ ಒಂದೇ ಮಟ್ಟಕ್ಕೆ ಬಂದವು.

ರಾಧಿಕಾಳನ್ನೂ ಕರೆದಿದ್ದರು. ಅವಳು ಅಂದೋಲಾದಿಂದ ತಡವಾಗಿ ಬಂದು, ಸ್ಟೂಲು ಹತ್ತಿ ಧರ್ಮಣ್ಣನ ಪಕ್ಕ ಮುಳುಗಿ ಕೂತಳು.

"ಕಾಕಾ, ನಮ್ಮ ಕೆಲಸ ಮುಗೀತು. ಯಾರದು ಯಾವ ಪುಡಿಕಿ ಅಂತ ನಿನ್ನೆ ತಗದು ನೋಡಿದಿವಿ" ಎಂದಳು. "ಸುತ್ತಿದ್ದು ಕುಡದವರ ರಕ್ತದಾಗ ಅರಿಶಿಣ ಹೆಚ್ಚು ಕಂಡದ. ಮೊಣಕಾಲಿಗೆ ಎಷ್ಟು ಅನುಕೂಲ ಆಗ್ಯದ ಅಂತ ಇನ್ನಾ ನೋಡಾಕತ್ತೀವಿ. ನಿಮ್ಮದು..." ಅವಳಿಗೆ ಹೇಳಲು ಸಂಕೋಚವಾಯಿತು. "ನಿಮ್ಮದು ನ್ಯಾನೋ ಅಲ್ಲ ಕಾಕಾ. ಸಾದಾ ಅರಿಶಿಣ. ದಿನಾ ಸಾರಿಗೆ ಹಾಕೋದೇ."

ತಾಟಿನ ಕಡೆ ಹೋಗುತ್ತಿದ್ದ ಧರ್ಮಣ್ಣನ ಕೈ ನಿಂತಿತು. ಅವನು ಮೂಗು ಮುಟ್ಟಿಕೊಂಡ. "ಹಂಗಾರ ಗೇರು?" ಎಂದ ಭಗವಂತ, ಬಿಳಿಚಿಕೊಂಡು. ಎಲ್ಲರೂ ಹೊರಳಿ ಬೇಗಂಳನ್ನು ನೋಡಿದರು. ಅದು ಈಗ ಪೆಂಡಾಲಿನ ಕಂಬದ ಹತ್ತಿರ ಹಿಂಗಾಲ ಮೇಲೆ ನಿಂತು ಹೂವಿನ ಮಾಲೆ ತಿನ್ನುತ್ತಿತ್ತು.

"ಆಡಿಗೆ ಹೇಳಬ್ಯಾಡ್ರಿ" ಎಂದ ಲಾಡ್ಲೆಸಾಬ.

ಆಮೇಲೆ ತುತ್ತು ಕಲಸಿದ. ಕೈ ಎತ್ತುವ ಮುಂಚೆ ಅಟ್ಟದ ಆ ತುದಿಯಿಂದ ಈ ತುದಿಯವರೆಗೆ ನೋಡಿ, "ಬರ್ರಿ, ಉಣ್ರಿ" ಎಂದು ಕರೆದ.

"ನೀವು ಬಿಸ್ಮಿಲ್ಲಾ ಮಾಡ್ರಿ" ಎಂದರು ಎಲ್ಲರೂ. ರಾಧಿಕಾಳ ದನಿಯೂ ಅದರಲ್ಲಿ ಇತ್ತು.

ಗುಲನಾಜ ಬಾಯಿ ತೆರೆದಳು. ಧರ್ಮಣ್ಣ ಆ ಹೊತ್ತಿಗೇ ಚಟ್ನಿಗೆ ಬಾಗಿದ್ದರಿಂದ ಅವಳು ಒಂದು ಗೇಣು ಮೇಲೆದ್ದಳು. ಲಾಡ್ಲೆಸಾಬ ಕೈಯನ್ನು ಹಾಗೇ ಹಿಡಿದು, ಅವಳು ಮತ್ತೆ ಕೆಳಗೆ ಇಳಿಯುವ ತನಕ ಕಾದ.